ಕೊನೆಯ ಸಾಲಿಲ್ಲದ ಜೋಗುಳ

ಒಂದೇ ಕಥೆಯನ್ನು ನಾಟಕದಲ್ಲೂ ಸಿನಿಮಾದಲ್ಲೂ ನೋಡಿದವರನ್ನು ಯಾವುದು ಚೆನ್ನಾಗಿತ್ತು ಎಂದು ಕೇಳಿ ನೋಡಿ. ನಾಟಕವೇ ಎನ್ನುತ್ತಾರೆ. ಆ ನಾಟಕದಲ್ಲಿ ಪಾತ್ರ ಮಾಡಿದವರನ್ನಂತೂ ಕೇಳುವುದೇ ಬೇಡ, ಸಿನಿಮಾದ ಹೆಸರೆತ್ತಿದರೆ ಮುಖ ಸಿಂಡರಿಸುತ್ತಾರೆ. ಇಲ್ಲ, ಸಿನಿಮಾದವರೇ ಸರಿಯಾಗಿ ಮಾಡಿದ್ದಾರೆ ಎಂದ ನಾಟಕದವರನ್ನು ನಾನು ಕಂಡಿದ್ದು ಒಬ್ಬರನ್ನೇ. ಅವರು ಹೋದ ತಿಂಗಳು ತೀರಿಕೊಂಡರು.

ಹೊಳೇನರಸೀಪುರದಲ್ಲಿ ಅವರ ಮನೆಗೂ ನಮ್ಮ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಬೀದಿಯವರೆಲ್ಲ ಅವರನ್ನು ನಾಟಕದಮ್ಮ ಎಂದು ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಒಂದಿತ್ತು, ಕಂಪನಿಯವರು ಬೋರ್ಡಿನ ಮೇಲೆ ಬರೆಸಿದ ಹೆಸರು ಇನ್ನೊಂದಿತ್ತು. ಎರಡರಲ್ಲಿ ಯಾವುದಕ್ಕೆ ಓಗೊಡಬೇಕೆಂದು ಅವರಿಗೇ ಅನುಮಾನವಿದ್ದಂತೆ ಕಾಣುತ್ತಿತ್ತು. ಹಾಗಾಗಿ ನಾನೂ ಹೆಸರು ಬರೆಯುವುದಿಲ್ಲ.

ಅವರು ಕೊಣನೂರು ಕಡೆಯ ಒಕ್ಕಲು ಮನೆತನದ ಹುಡುಗಿ. ಊರಿಗೆ ಕ್ಯಾಂಪು ಬಂದಿದ್ದ ನಾಟಕ ಕಂಪನಿಯ ಹಿಂದೆ ಹೊರಟುಹೋದವರು. ಮನೆಯವರು ಎಳ್ಳುನೀರು ಬಿಟ್ಟು ಸ್ನಾನ ಮಾಡಿ ಅವರ ಸುದ್ದಿಯನ್ನೇ ಕೈಬಿಟ್ಟರಂತೆ. ಆಮೇಲೆ ಕಂಪನಿಯ ಲಾರಿ ಯಾವ ಊರಿಗೆ ಹೋದರೆ ಅದೇ ಊರು ಅವರದು. ಜನ ನಾಟಕಕ್ಕೆ ಬರುವುದು ನಿಂತು ಕಂಪನಿ ಮುಚ್ಚಿಹೋದಾಗ ಅದರ ಕ್ಯಾಂಪು ನಮ್ಮ ಊರಿನಲ್ಲಿತ್ತು. ಥಿಯೇಟರಿನ ತಗಡನ್ನೆಲ್ಲ ಬಿಚ್ಚಿ ಮಾರಿ, ಮಿಕ್ಕವರೆಲ್ಲ ಅವರವರ ಕಡೆಗೆ ಹೊರಟರು. ಇವರಿಗೆ ಹೋಗುವುದಕ್ಕೆ ಕಡೆಯಿರಲಿಲ್ಲ. ಬೀದಿಯ ಕೊನೆಯಲ್ಲಿದ್ದ ಎರಡಂಕಣದ ಮನೆ ಹಿಡಿದು ಇಲ್ಲೇ ಉಳಿದರು.

ನಾನು ಮದುವೆಯಾಗಿ ಆ ಬೀದಿಗೆ ಬಂದು, ಅಲ್ಲೇ ಒಂದು ಪ್ರೌಢಶಾಲೆಯಲ್ಲಿ ಹಿಂದಿ ಮೇಡಂ ಆಗಿದ್ದೆ. ನಮ್ಮ ಅತ್ತೆಗೆ ಪಕ್ಕದ ಮನೆಗೆ ನಾಟಕದವಳು ಬಂದದ್ದೇ ದೊಡ್ಡ ತಲೆನೋವಾಗಿತ್ತು. “ಸೂರ್ಯ ನೆತ್ತಿಗೆ ಬಂದ ಮೇಲೆ ಏಳ್ತಾಳಲ್ಲೇ, ಇವಳ ಮನೆ ಹೊಸಲಿಗೆ ನೀರು ಹಾಕೋರು ಯಾರು” ಎಂದು ನನ್ನ ಹತ್ತಿರ ಗೊಣಗುತ್ತಿದ್ದರು. ರಾತ್ರಿಯೆಲ್ಲ ಎದ್ದಿದ್ದು ಬೆಳಿಗ್ಗೆ ಮಲಗುವುದು ಕಂಪನಿಯ ಅಭ್ಯಾಸ, ಅದು ಸಾಯುವ ತನಕ ಬಿಡಲಿಲ್ಲ. ಅತ್ತೆಯ ಬಿಗುಮಾನವೂ ಒಂದು ಅವರೆಕಾಯಿ ಕಾಲದವರೆಗೆ ಉಳಿಯಿತು. ಆ ವರ್ಷ ಚಳಿ ಬಿದ್ದಾಗ ನೋಡುತ್ತೇನೆ, ಜಗಲಿಯ ಈ ತುದಿಯಲ್ಲಿ ಅತ್ತೆ, ಆ ತುದಿಯಲ್ಲಿ ನಾಟಕದಮ್ಮ, ನಡುವೆ ಒಂದೇ ಮೊರ. ಇಬ್ಬರೂ ಅವರೆಕಾಳು ಹಿಸುಕುತ್ತ ಮೂಲೆಮನೆಯ ಸೊಸೆಯ ಬಗ್ಗೆ ಮಾತಾಡುತ್ತಿದ್ದರು. ನಾಟಕದಮ್ಮನಿಗೆ ಪಿಸುಮಾತು ಬರುತ್ತಿರಲಿಲ್ಲ. ಮೈಕಿಲ್ಲದ ಕಾಲದಲ್ಲಿ ಕೊನೆಯ ಸಾಲಿನ ಚಾಪೆಯವರಿಗೂ ಮುಟ್ಟಿಸುತ್ತಿದ್ದ ಗಂಟಲು ಅದು. ಅವರು ಗುಟ್ಟು ಹೇಳಿ ಮುಗಿಸುವ ಹೊತ್ತಿಗೆ ಮೂಲೆಮನೆಯ ಸೊಸೆಯೇ ಬಾಗಿಲಿಗೆ ಬಂದು ನಿಂತಿದ್ದಳು.

ಅವರು ಯಾರಿಗೂ ಬೆನ್ನು ತೋರಿಸುತ್ತಿರಲಿಲ್ಲ. ಸಭಿಕರಿಗೆ ಬೆನ್ನು ಹಾಕಬಾರದೆಂದು ಕಂಪನಿಯಲ್ಲಿ ಕಲಿಸಿದ್ದರಂತೆ. ನಮ್ಮ ಮನೆಯಲ್ಲಿ ಕಾಫಿ ಕುಡಿದು ಹೊರಡುವಾಗಲೂ ಮುಖ ನಮ್ಮ ಕಡೆಗೇ ಇರುತ್ತಿತ್ತು, ಕಾಲು ಮಾತ್ರ ಓರೆಯಾಗಿ ಮೆಟ್ಟಿಲು ಹುಡುಕಿಕೊಂಡು ಇಳಿಯುತ್ತಿತ್ತು. ಎಂದಾದರೊಂದು ದಿನ ಬಿದ್ದೇ ಬೀಳುತ್ತಾರೆಂದು ನಾನು ಹೆದರುತ್ತಿದ್ದೆ. ಬೀಳಲಿಲ್ಲ. ಮನೆಯಲ್ಲಿ ಅವರದು ಪೂರಾ ಕೊಣನೂರಿನ ಮಾತು, ಒಂದು ಹಕಾರವೂ ಬಾಯಿಗೆ ಬರುತ್ತಿರಲಿಲ್ಲ. ಆದರೆ ನಾಟಕದ ಮಾತು ಹೇಳಿ ಎಂದರೆ ಸಾಕು, ಬೆನ್ನು ನೆಟ್ಟಗಾಗಿ, ಪುಸ್ತಕದ ಕನ್ನಡ ಒಂದಕ್ಷರ ಸೋರದೆ ಬರುತ್ತಿತ್ತು.

ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಹುಡುಗಿಯರಿಗೆ ನಾಟಕ ಕಲಿಸಿಕೊಡಲು ಅವರನ್ನು ಕರೆದುಕೊಂಡು ಹೋಗುತ್ತಿದ್ದೆ. ಹುಡುಗಿಯರನ್ನು ಮೈದಾನದ ಒಂದು ತುದಿಯಲ್ಲಿ ನಿಲ್ಲಿಸಿ, ತಾವು ಗೇಟಿನ ಹತ್ತಿರ ಹೋಗಿ ನಿಂತು, “ಕೇಳುಸ್ನಿಲ್ಲ ಕಣ್ರವ್ವಾ, ಇನ್ನೊಂದ್ಸಲ” ಎಂದು ಕೂಗುತ್ತಿದ್ದರು. ಒಂದು ವರ್ಷ ಒಂದು ಹುಡುಗಿ ತಾಯಿಯ ಪಾತ್ರ ಮಾಡುತ್ತಿದ್ದಳು. ಬಟ್ಟೆ ಸುತ್ತಿದ ಗೊಂಬೆ ಎತ್ತಿಕೊಂಡು ನಿಂತಳು. ನಾಟಕದಮ್ಮ ನೋಡಿ, “ಮಗೀನ ಎತ್ಕಂಡಂಗಿಲ್ಲ ಕಣೆ, ಟಿಪನ್ ಕ್ಯಾರಿಯರ್ ಎತ್ಕಂಡಂಗೈತೆ” ಎಂದರು. ಎಲ್ಲರೂ ನಕ್ಕರು. ಆಮೇಲೆ ತಾವೇ ಆ ಗಂಟನ್ನು ತೆಗೆದುಕೊಂಡು ತೋರಿಸಿದರು. ಮೊಣಕೈ ಸ್ವಲ್ಪ ಮೇಲೆತ್ತಿದರು, ಅಲ್ಲೊಂದು ತಲೆ ಬಂತು. ಬೆರಳು ಆಡಿಸಿದರು, ಅಲ್ಲೊಂದು ಕೆನ್ನೆ ಬಂತು. ಹುಡುಗಿಯರು ನಗು ನಿಲ್ಲಿಸಿ ಹತ್ತಿರ ಬಂದರು. ಬೆಲ್ ಹೊಡೆದಾಗ ಅವರು ಅದನ್ನು ಮೇಜಿನ ಮೇಲೆ ಇಡಲಿಲ್ಲ. ಆ ಹುಡುಗಿಯ ಕೈಗೆ ಕೊಟ್ಟರು. “ಕೈಯಿಂದ ಕೈಗೆ ಕೊಡ್ಬೇಕು. ಕೆಳಗಿಡ್ಬಾರ್ದು” ಎಂದರು. ಅದೂ ಕಂಪನಿಯ ಶಾಸ್ತ್ರವಿರಬೇಕು ಎಂದುಕೊಂಡೆ.

ಕಂಪನಿ ಹೋದ ಮೇಲೆ ಅವರ ಹೊಟ್ಟೆಪಾಡು ನಡೆದದ್ದು ಹಳ್ಳಿಗಳ ನಾಟಕದಿಂದ. ನಮ್ಮ ಕಡೆ ಹಳ್ಳಿಯ ಗಂಡಸರು ಸೇರಿ ನಾಟಕ ಕಲಿತು ಆಡುವಾಗ ಹೆಣ್ಣು ಪಾತ್ರಕ್ಕೆ ಹೊರಗಿನಿಂದ ಹೆಂಗಸರನ್ನು ಕರೆಸುತ್ತಾರೆ. ದುದ್ದದ ಕಡೆಯಿಂದ, ಅರಕಲಗೂಡು ಕಡೆಯಿಂದ ಕರೆ ಬರುತ್ತಿತ್ತು. ಕರೆ ತರುತ್ತಿದ್ದವರು ಶಾಂತಿಗ್ರಾಮದ ಹಾರ್ಮೋನಿಯಂ ಮೇಷ್ಟ್ರು. ಸಣಕಲು ಮೈ, ದಪ್ಪ ಮೀಸೆ, ಮೊಪೆಡ್ಡಿನ ಹಿಂದೆ ಹಗ್ಗದಲ್ಲಿ ಬಿಗಿದ ಹಾರ್ಮೋನಿಯಂ ಪೆಟ್ಟಿಗೆ. ಹಳ್ಳಿಹಳ್ಳಿಗೆ ಹೋಗಿ ನಾಟಕ ಕಲಿಸುವುದೇ ಅವರ ಕಸುಬು. ಅವರಿಗೆ ನಾಟಕದಮ್ಮನ ಮೇಲೆ ಭಕ್ತಿ, ಆದರೆ ಎರಡು ವಿಷಯದಲ್ಲಿ ತಕರಾರು. ಒಂದು, ನಾಟಕದಮ್ಮ ಚನ್ನರಾಯಪಟ್ಟಣದ ಕಡೆ ಎಷ್ಟು ಕೇಳಿದರೂ ನಾಟಕ ಒಪ್ಪುತ್ತಿರಲಿಲ್ಲ. “ಅಲ್ಲಿಗೊಂದು ಬ್ಯಾಡ ಮೇಷ್ಟ್ರೇ, ಮಿಕ್ಕಿದ್ದು ಎಲ್ಲಿಗ್ ಬೇಕಾದ್ರೂ ಬತ್ತೀನಿ” ಎನ್ನುತ್ತಿದ್ದರು, ಕಾರಣ ಹೇಳುತ್ತಿರಲಿಲ್ಲ. ಇನ್ನೊಂದು ತಕರಾರು ಸಿನಿಮಾದ್ದು.

ಆ ನಾಟಕದ ವಿಷಯ ಸ್ವಲ್ಪ ಹೇಳಬೇಕು. ಕಂಪನಿಗೆ ಹೆಸರು ತಂದುಕೊಟ್ಟದ್ದೇ ಅದು. ಗಂಡನ ಮನೆಯಿಂದ ಹೊರಬಿದ್ದ ಹೆಂಗಸೊಬ್ಬಳು ಕಾಯಿಲೆ ಬಿದ್ದ ಮಗುವನ್ನೆತ್ತಿಕೊಂಡು ಪಂಡಿತರ ಮನೆ ಹುಡುಕಿ ಹೊರಡುತ್ತಾಳೆ. ಬಾಗಿಲು ತೆರೆಯುವುದಿಲ್ಲ. ಛತ್ರದ ಜಗಲಿಯಲ್ಲಿ ಕೂತು ಮಗುವಿಗೆ ಜೋಗುಳ ಹಾಡುತ್ತಾಳೆ. ‘ಊರೆಲ್ಲ ಮಲಗಿತು ಕಂದ, ನೀನೊಬ್ಬನೇ ಎಚ್ಚರ’ ಎಂದು ಆ ಪದದ ಮೊದಲ ಸಾಲು. ಹಾಡುತ್ತಿರುವಾಗಲೇ ಮಗು ಹೋಗಿಬಿಡುತ್ತದೆ, ಅವಳು ಅದು ತಿಳಿದೂ ಹಾಡುತ್ತಾಳೆ. ‘ಕೈ ಸೋತಿತು ಕಂದ, ತೊಟ್ಟಿಲಿಗೆ ಇಳಿ ಇನ್ನು’ ಎಂಬುದು ಕೊನೆಯ ಸಾಲು. ಆ ಸಾಲು ಹಾಡಿ ಮಗುವನ್ನು ನೆಲದ ಮೇಲೆ ಮಲಗಿಸಿ ಸೆರಗು ಮುಚ್ಚುತ್ತಾಳೆ. ಆಗ ಜನ ಸುಮ್ಮನಿರುತ್ತಿರಲಿಲ್ಲ. ಕಣ್ಣೊರೆಸಿಕೊಂಡೇ ‘ಒನ್ಸ್ ಮೋರ್’ ಎಂದು ಕೂಗುತ್ತಿದ್ದರು. ಒನ್ಸ್ ಮೋರ್ ಬಂದರೆ ಇಲ್ಲವೆನ್ನುವ ಹಾಗಿಲ್ಲ, ಸತ್ತ ಪಾತ್ರವಾದರೂ ಎದ್ದು ಕೂತು ಹಾಡಿ ಮತ್ತೆ ಸಾಯಬೇಕು, ಅದು ಕಂಪನಿಗಳ ಕಟ್ಟಳೆ. ಇವರು ನೆಲದ ಮೇಲಿಂದ ಮಗುವನ್ನು ಎತ್ತಿಕೊಂಡು ಮತ್ತೆ ಮೊದಲ ಸಾಲಿನಿಂದ ಶುರುಮಾಡುತ್ತಿದ್ದರು.

ಅದು ಸಿನಿಮಾ ಆಯಿತು. ಕಥೆ ತೆಗೆದುಕೊಂಡರು, ಪದದ ಮಟ್ಟನ್ನೂ ತೆಗೆದುಕೊಂಡರು, ಇವರನ್ನು ಮಾತ್ರ ತೆಗೆದುಕೊಳ್ಳಲಿಲ್ಲ. ಮುಖ ಕ್ಯಾಮೆರಾಕ್ಕೆ ಒಗ್ಗುವುದಿಲ್ಲ ಎಂದರಂತೆ. ತಾಯಿಯ ಪಾತ್ರ ಮಾಡಿದ್ದು ಒಬ್ಬ ನಟಿ, ಆಕೆಗೆ ಪದ ಹಾಡಿದ್ದು ಇನ್ನೊಬ್ಬ ಗಾಯಕಿ.

ತೊಂಬತ್ತರ ದಶಕದ ಮೊದಲಲ್ಲಿ ಒಂದು ಭಾನುವಾರ ಸಂಜೆ ಅದು ಟಿವಿಯಲ್ಲಿ ಬಂತು. ಬೀದಿಯಲ್ಲಿ ಬಣ್ಣದ ಟಿವಿ ಇದ್ದದ್ದು ನಮ್ಮ ಮನೆಯಲ್ಲಿ, ಹಾಗಾಗಿ ಹಾಲ್ ತುಂಬ ಜನ. ಮುಂದಿನ ನಾಟಕಕ್ಕೆ ವೀಳ್ಯ ಕೊಟ್ಟು ಒಪ್ಪಿಸಲು ಬಂದಿದ್ದ ಮೇಷ್ಟ್ರೂ ಕೂತರು. ಎಲ್ಲರ ಅರ್ಧ ಕಣ್ಣು ಟಿವಿಯ ಮೇಲೆ, ಅರ್ಧ ಕಣ್ಣು ನಾಟಕದಮ್ಮನ ಮೇಲೆ. ಅವರು ಯಾವಾಗ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಾರೋ ಎಂದು ಕಾಯುತ್ತಿದ್ದೆವು. ನಮ್ಮ ಅತ್ತೆ ಮೊದಲೇ ಸಮಾಧಾನ ಶುರುಮಾಡಿದ್ದರು. “ನಿಮ್ಮ ಮುಂದೆ ಇವಳೇನ್ರೀ, ಮುಖಕ್ಕೆ ಇಷ್ಟು ಪೌಡರ್ ಬಳಕೊಂಡು ಮಗು ಕಾಯಿಲೆ ಅಂತಾಳೆ.”

ಜೋಗುಳ ಬಂತು. ಪಿಟೀಲು, ಕೊಳಲು, ಏನೇನೋ ಸೇರಿತ್ತು. ಮಡಿಲಲ್ಲಿದ್ದದ್ದು ನಿಜವಾದ ಕೂಸು, ನಡುವೆ ಒಂದು ಸಲ ಆಕಳಿಸಿತು ಕೂಡ. ಕೊನೆಗೆ ಬರುವಾಗ ಕ್ಯಾಮೆರಾ ಅವಳ ಮುಖ ಬಿಟ್ಟು ಛತ್ರದ ಗೋಡೆಯ ದೀಪದ ಕಡೆ ಹೋಯಿತು. ದೀಪ ಸಣ್ಣಗಾಯಿತು, ವಾದ್ಯ ನಿಂತಿತು, ಮುಂದಿನ ದೃಶ್ಯದಲ್ಲಿ ಅವಳಿಗೆ ತಲೆ ನರೆತಿತ್ತು. ಕೊನೆಯ ಸಾಲು ಇಲ್ಲವೇ ಇಲ್ಲ.

ಮೇಷ್ಟ್ರು ಎದ್ದು ನಿಂತುಬಿಟ್ಟರು. “ಎಲ್ಲಿ ಕೊನೆ ಸಾಲು? ಆ ಪದದ ಜೀವ ಇರೋದೇ ಅಲ್ಲಿ ಕಣ್ರೀ. ಕತ್ತರಿ ಸಿಕ್ತು ಅಂತ ಕುತ್ಗೆನೇ ಕತ್ತರ್ಸವ್ರಲ್ಲ.”

ನಾಟಕದಮ್ಮ ಟಿವಿಯಿಂದ ಕಣ್ಣು ತೆಗೆಯಲಿಲ್ಲ. “ಸಿನಿಮಾದೋರೇ ಸರ್ಯಾಗ್ ತೆಗ್ದವ್ರೆ ಮೇಷ್ಟ್ರೇ” ಎಂದರು.

ಮೇಷ್ಟ್ರು ತಮಗೆ ಕೇಳಿಸಲಿಲ್ಲವೇನೋ ಅನ್ನುವ ಹಾಗೆ ನೋಡಿದರು. “ಏನಂದ್ರಿ? ಅವ್ರು ನಿಮ್ಗೆ ಪಾರ್ಟು ಕೊಡ್ನಿಲ್ಲ, ನಿಮ್ ಪದಾನ ಯಾರ್ ಬಾಯಾಗೋ ಆಕವ್ರೆ. ಅವ್ರ ಪರ ಮಾತಾಡ್ತೀರಲ್ಲಮ್ಮ.”

“ಪಾರ್ಟು ಕೊಡ್ದಿದ್ರೆ ಏನಂತೆ. ಚೆನ್ನಾಗೈತೆ ಅಂದ್ರೆ ಚೆನ್ನಾಗೈತೆ” ಎಂದು ಹೇಳಿ, ಮುಖ ನಮ್ಮ ಕಡೆಗಿಟ್ಟುಕೊಂಡೇ ಓರೆಯಾಗಿ ಮೆಟ್ಟಿಲಿಳಿದು ಹೋದರು. ಸಿನಿಮಾ ಇನ್ನೂ ಅರ್ಧ ಬಾಕಿಯಿತ್ತು.

ಅಂದಿನಿಂದ ಮೇಷ್ಟ್ರು ಬಂದಾಗಲೆಲ್ಲ ನಮ್ಮ ಜಗಲಿಯಲ್ಲಿ ಇದೇ ಜಗಳ. ಮೇಷ್ಟ್ರ ವಾದ ನನಗೂ ಸರಿಯೆನ್ನಿಸುತ್ತಿತ್ತು. “ಕೈ ಸೋತಿತು ಅಂದ್ರೆ ಏನು? ಅವ್ಳ ಕೈ ಸೋತಿದ್ದಲ್ಲ ಮೇಡಮ್ನೋರೇ, ದೇವ್ರ ಕೈ ಸೋತಿದ್ದು. ಕೆಳಗಿಡಬೇಕು. ಕೆಳಗಿಟ್ರೇನೇ ಜನಕ್ಕೆ ಮಗಾ ಸತ್ತೋಯ್ತು ಅನ್ಸೋದು. ಸಿನಿಮಾದಾಗೆ ಅದು ಸತ್ತದಾ, ನಿದ್ದೆ ಮಾಡ್ತದಾ, ಯಾವನ್ಗ್ ಗೊತ್ತಾಯ್ತದೆ?” ನಾನೂ ನಾಲ್ಕು ಪುಸ್ತಕ ಓದಿದ್ದೇನೆಂಬ ಧಿಮಾಕಿನಲ್ಲಿ, ರಂಗದ ಮೇಲೆ ಕಣ್ಣೆದುರು ನಡೆಯುವುದಕ್ಕೂ ತೆರೆಯ ಮೇಲಿನ ನೆರಳಿಗೂ ಇರುವ ವ್ಯತ್ಯಾಸದ ಮೇಲೆ ಸಣ್ಣ ಭಾಷಣ ಮಾಡುತ್ತಿದ್ದೆ. ನಾಟಕದಮ್ಮ ಕಲ್ಲುಸಕ್ಕರೆ ಚೀಪುತ್ತ ಕೇಳಿಸಿಕೊಳ್ಳುತ್ತಿದ್ದರು. ಕಡೆಗೆ, “ಆಯ್ತಾ? ಸಿನಿಮಾನೇ ವಾಸಿ” ಎನ್ನುತ್ತಿದ್ದರು. ಮೇಷ್ಟ್ರು ಕಾಫಿ ಲೋಟ ಠಪ್ಪೆಂದು ಇಟ್ಟು ಮೊಪೆಡ್ ಹತ್ತುತ್ತಿದ್ದರು.

ಕಾರಣ ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ, ಒಂದು ಬೇಸಿಗೆಯ ಮಧ್ಯಾಹ್ನ. ಅತ್ತೆ ಆಗ ಹೋಗಿಬಿಟ್ಟಿದ್ದರು. ನನ್ನ ತಂಗಿ ಬಾಣಂತನ ಮುಗಿಸಿ ಕೂಸಿನ ಸಮೇತ ನಮ್ಮ ಮನೆಗೆ ಬಂದಿದ್ದಳು. ತಂಗಿ ಒಳಗೆ ಮಲಗಿದ್ದಳು, ಕೂಸು ನಾಟಕದಮ್ಮನ ಮಡಿಲಲ್ಲಿ ನಿದ್ದೆಹೋಗಿ ಬಹಳ ಹೊತ್ತಾಗಿತ್ತು. ಅವರ ಕಾಲು ಜೋಮು ಹಿಡಿದಿರಬೇಕು, ಒಂದು ಮಂಡಿಯನ್ನು ಮೆಲ್ಲಗೆ ಒತ್ತಿಕೊಳ್ಳುತ್ತಿದ್ದರು.

“ಕೆಳಗೆ ಮಲಗಿಸಿಬಿಡಿ, ಹಾಸಿಗೆ ಹಾಸಿದೀನಿ” ಎಂದೆ.

“ಇರ್ಲಿ ಬುಡು ಮೇಡಮ್ಮ.”

“ಕಾಲು ನೋಯ್ತಿದೆ ನಿಮಗೆ.”

ಅವರು ಕೂಸಿನ ಮುಖವನ್ನೇ ನೋಡುತ್ತಿದ್ದರು. ಆಮೇಲೆ ಹೇಳಿದರು. ಆ ಗಂಟಲು ಅಷ್ಟು ಮೆತ್ತಗೆ ಮಾತಾಡಬಲ್ಲದೆಂದು ನನಗೆ ಗೊತ್ತಿರಲಿಲ್ಲ.

“ನಂಗೂ ಒಂದಿತ್ತು ಕಣಮ್ಮ, ಗಂಡು. ಇನ್ನೂ ಕೂರಕ್ಕೂ ಕಲ್ತಿರ್ನಿಲ್ಲ. ಚನ್ರಾಯ್ಪಟ್ಣದ ಕ್ಯಾಂಪ್ನಾಗೆ ಜ್ವರ ಬಂತು. ಬೆಳಿಗ್ಗೆ ಓಗ್ಬುಡ್ತು. ಮದ್ಯಾನ ಮಣ್ಣು ಮಾಡುದ್ರು. ಮ್ಯಾನೇಜರು ಇವತ್ತು ನಾಟ್ಕ ಬ್ಯಾಡ ಅಂದ್ರು. ನಾನೇ ಮಾಡ್ತೀನಿ ಅಂದೆ. ಬಿಡಾರದಾಗೆ ಅವ್ನ ಬಟ್ಟೆ ಒಣಗಾಕಿದ್ದು ಅಂಗೇ ಇತ್ತು. ಅದುನ್ನ ನೋಡ್ಕಂಡು ಒಬ್ಳೇ ಕೂತ್ಕಂಡು ಏನ್ ಮಾಡ್ಲಿ ಯೇಳು.”

ನಾನು ಹಾಸಿದ್ದ ಹಾಸಿಗೆಯನ್ನು ಪಕ್ಕಕ್ಕೆ ಸರಿಸಿದೆ.

“ನಾಟ್ಕದ ಮಗೀಗೆ ದಿನಾ ಅವ್ನ ಕೌದಿನೇ ಸುತ್ತೋದು. ಅವ್ನು ಪರದೆ ಇಂದೆ ಮಲ್ಗಿರ್ತಿದ್ದ, ಕೌದಿ ನನ್ ಕೈಯಾಗಿರ್ತಿತ್ತು. ಅವತ್ತು ಯಾರ್ಗೂ ಗ್ಯಾನ ಬರ್ನಿಲ್ಲ. ಅದ್ನೇ ಸುತ್ತಿ ಕೈಗೆ ಕೊಟ್ರು. ಅವ್ನ ವಾಸ್ನೆ ಇತ್ತು ಅದ್ರಾಗೆ. ಪದ ಯೇಳ್ದೆ. ಕೊನೆ ಸಾಲು ಬಂತು. ಕೆಳಗಿಡ್ಬೇಕು. ಮದ್ಯಾನ ಒಂದ್ಸಲ ಇಟ್ಟು ಬಂದಿದ್ನಲ್ಲ, ಗುಣಿಗೆ. ಮತ್ತೆ ಇಡ್ಬೇಕು. ಇಟ್ಟೆ. ಜನ ಒನ್ಸ್ ಮೋರ್ ಅಂದ್ರು.”

ಕೂಸು ನಿದ್ದೆಯಲ್ಲಿ ಮಿಸುಕಿತು. ಅವರು ತೊಡೆಯನ್ನು ಸ್ವಲ್ಪ ಆಡಿಸಿ ಸುಮ್ಮನಾಗಿಸಿದರು.

“ನಿಂಗೆ ಕ್ವಾಪ ಬರ್ತೈತೇನೋ. ನಂಗೆ ಅವತ್ತು ಜನದ ಮ್ಯಾಲೆ ಕ್ವಾಪ ಬರ್ನಿಲ್ಲ. ಕೂಗ್ಲಿ, ಇನ್ನೂ ಕೂಗ್ಲಿ ಅನ್ನುಸ್ತು. ಅವ್ರು ಕೂಗೋ ತಂಕ ಮತ್ತೆ ಎತ್ಕಬೋದಲ್ಲ. ಮತ್ತೆ ಎತ್ಕಂಡೆ, ಮತ್ತೆ ಯೇಳ್ದೆ. ಮತ್ತೆ ಕೂಗುದ್ರು. ಆಮೇಲೆ ಅವ್ರಿಗೂ ಸಾಕಾಯ್ತು, ಸುಮ್ಕಾದ್ರು. ಕೆಳಗಿಟ್ಟು ಸೆರಗು ಮುಚ್ಚಿದೆ. ಅಲ್ಲಿಂದ ಕಂಪ್ನಿ ಮುಚ್ಚೋ ತಂಕ ಆಟ ಇದ್ದಾಗೆಲ್ಲ ಕೆಳಗಿಟ್ಟೆ ಕಣಮ್ಮ.”

ಮಗುವಿನ ತಂದೆಯ ವಿಷಯ ಅವರು ಎತ್ತಲಿಲ್ಲ, ನಾನು ಕೇಳಲಿಲ್ಲ.

“ಸಿನಿಮಾ ಬಂದಾಗ ಅರಕಲಗೂಡು ಟೆಂಟ್ನಾಗೆ ನೋಡ್ದೆ. ಅವ್ಳು ಯಾವ ಗಳ್ಗೇಲಿ ಕೆಳಗಿಡ್ತಾಳೋ ಅಂತ ಉಸ್ರು ಇಡ್ಕಂಡು ಕೂತಿದ್ದೆ. ಇಡ್ನೇ ಇಲ್ಲ. ದೀಪ ತೋರ್ಸುದ್ರು, ಮುಗೀತು. ಅವ್ಳು ಕೆಳಗಿಟ್ಟಿದ್ನ ಯಾರೂ ನೋಡ್ನಿಲ್ಲ. ಅವ್ಳ ಕೈಯಾಗೇ ಐತೆ ಅದು. ಅವತ್ತೇ ನಾನು ಮೊದ್ಲು ಅತ್ತಿದ್ದು. ಮೇಷ್ಟ್ರು ಸಾವ್ರ ಯೋಳ್ಲಿ. ಸಿನಿಮಾನೇ ವಾಸಿ.” ಕೂಸಿನ ಅಂಗಿ ಸರಿಮಾಡುತ್ತ, “ಇದ್ನ ಯಾರ್ ತಾವೂ ಆಡ್ಬ್ಯಾಡ. ನಾನಿರೋಗಂಟ” ಎಂದರು.

ತಂಗಿ ಎದ್ದು ಬರುವವರೆಗೂ ಕೂಸು ಅವರ ಮಡಿಲಲ್ಲೇ ಇತ್ತು. ಕೈಯಿಂದ ಕೈಗೇ ಕೊಟ್ಟರು. ನಾನು ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು ಅತ್ತುಬಿಟ್ಟೆ. ರಂಗ, ತೆರೆ ಎಂದೆಲ್ಲ ಅವರ ಎದುರು ನಾನು ಕೊಚ್ಚಿಕೊಂಡದ್ದು ಒಂದೊಂದಾಗಿ ನೆನಪಾಗುತ್ತಿತ್ತು.

ಎರಡು ಸಾವಿರದ ಈಚೆಗೆ ನಮ್ಮ ಊರಿನಲ್ಲೂ ಸಿಡಿ ಅಂಗಡಿಗಳು ಬಂದವು. ಅವರು ಕೇಳಿದರೆಂದು ಆ ಸಿನಿಮಾದ ಸಿಡಿ ಹುಡುಕಿ ತಂದೆ. ಯಾವಾಗಲಾದರೂ ಮಧ್ಯಾಹ್ನ ಬಂದು, “ಮೇಡಮ್ಮ, ಅದುನ್ನ ಆಕ್ತೀಯಾ” ಎನ್ನುತ್ತಿದ್ದರು. ಜೋಗುಳದವರೆಗೆ ನೋಡುವುದು. ದೀಪ ಸಣ್ಣಗಾಗುತ್ತಿದ್ದಂತೆ, “ನಿಲ್ಸು, ಮುಂದಿಂದು ಬ್ಯಾಡ” ಎನ್ನುವುದು. ಮುಂದಿನ ದೃಶ್ಯ ಏನೆಂದು ಇಬ್ಬರಿಗೂ ಗೊತ್ತಿತ್ತು. ನಾನು ರಿಮೋಟನ್ನು ಕೈಯಲ್ಲಿ ಹಿಡಿದೇ ಕೂತಿರುತ್ತಿದ್ದೆ, ಒಂದು ಗಳಿಗೆಯೂ ತಡಮಾಡಬಾರದೆಂದು.

ಹಾಸನದಲ್ಲಿ ಒಂದು ಕನ್ನಡ ಸಂಘದವರು ಹಳೆಯ ರಂಗ ಕಲಾವಿದರಿಗೆ ಸನ್ಮಾನ ಇಟ್ಟುಕೊಂಡಾಗ ಇವರನ್ನೂ ಕರೆದರು. ಮೇಷ್ಟ್ರು ಹಾರ್ಮೋನಿಯಂ ಸಮೇತ ಅಲ್ಲಿಗೇ ಬಂದರು. ನಾನು ಇವರ ಜೊತೆಗೆ ಬಸ್ಸಿನಲ್ಲಿ ಹೋದೆ. ಹಾರ, ಹಣ್ಣಿನ ಬುಟ್ಟಿ, ಕೆಂಪಂಚಿನ ಬಿಳಿ ಶಾಲು ಎಲ್ಲ ಆದಮೇಲೆ ಅಧ್ಯಕ್ಷರು ಮೈಕಿನಲ್ಲಿ ಆ ಜೋಗುಳ ಆಗಲೇಬೇಕೆಂದರು. ಜನ ಚಪ್ಪಾಳೆ ಹೊಡೆದರು. ಸನ್ಮಾನಕ್ಕೆ ಬಂದವರು ಸಭೆ ಕೇಳಿದ ಮೇಲೆ ಇಲ್ಲವೆನ್ನುವುದು ಹೇಗೆ. ಅವರಂತೂ ಇಲ್ಲವೆನ್ನುವ ಪೈಕಿಯಲ್ಲ.

ಅವರು ಹೆಗಲ ಮೇಲಿನ ಶಾಲನ್ನು ತೆಗೆದರು. ಅಲ್ಲೇ ನಿಂತು ಮಡಿಸಿದರು, ಸುತ್ತಿದರು, ಎಡಗೈ ಮೇಲೆ ಮಲಗಿಸಿಕೊಂಡರು. ಮೊಣಕೈ ಸ್ವಲ್ಪ ಮೇಲೆ ಹೋಯಿತು. ಮೈಕನ್ನು ಪಕ್ಕಕ್ಕೆ ಸರಿಸಿ ಮೊದಲ ಸಾಲು ಎತ್ತಿದರು.

ವಯಸ್ಸಾಗಿತ್ತು, ಮೇಲಿನ ಸ್ವರದಲ್ಲಿ ಗಂಟಲು ಒಡೆಯುತ್ತಿತ್ತು. ಆದರೂ ಸಿಡಿಯಲ್ಲಿ ಕೇಳಿದ್ದ ಪದ ಅದಲ್ಲ ಅನ್ನಿಸಿತು. ಸಿನಿಮಾದಲ್ಲಿ ಅದು ಹಾಡಾಗಿತ್ತು, ಇಲ್ಲಿ ಒಬ್ಬ ಹೆಂಗಸು ತನ್ನ ಮಗುವಿಗೆ ಏನೋ ಹೇಳುತ್ತಿದ್ದಳು, ನಾವು ಕದ್ದು ಕೇಳಿಸಿಕೊಳ್ಳುತ್ತಿದ್ದೆವು. ಪದ ಕೊನೆಗೆ ಬಂತು. ಮೇಷ್ಟ್ರು ಹಾರ್ಮೋನಿಯಂನಲ್ಲಿ ಕೊನೆಯ ಸಾಲಿಗೆ ದಾರಿ ಮಾಡಿಕೊಟ್ಟರು. ಅವರು ಆ ಸಾಲನ್ನು ಎತ್ತಲಿಲ್ಲ. ಯಾರೂ ಒನ್ಸ್ ಮೋರ್ ಎಂದಿರಲಿಲ್ಲ, ಆದರೂ ಮೊದಲ ಸಾಲಿಗೇ ತಿರುಗಿದರು. ಮೇಷ್ಟ್ರು ಗಲಿಬಿಲಿಯಾಗಿ ಹೇಗೋ ಹಿಂದೆಯೇ ಬಂದರು. ಎರಡನೆಯ ಸಲವೂ ಅಲ್ಲಿಗೆ ಬಂದು ನಿಂತರು. ಹಾರ್ಮೋನಿಯಂ ಕಾಯುತ್ತ ಒಂದೇ ಸ್ವರ ಹಿಡಿದಿತ್ತು. ಅವರು ಗಂಟನ್ನು ಎದೆಗೆ ಅವಚಿಕೊಂಡು, ಸಭೆಗೆ ಬೆನ್ನು ತೋರಿಸದೆ ಓರೆಯಾಗಿ ಹೆಜ್ಜೆಯಿಟ್ಟು ಪರದೆಯ ಮರೆಗೆ ಹೋಗಿಬಿಟ್ಟರು.

ಜನ ‘ಪಾಪ, ಮರೆತುಹೋಯಿತು’ ಎಂದುಕೊಂಡು ಜೋರಾಗಿ ಚಪ್ಪಾಳೆ ಹೊಡೆದರು. ಮೇಷ್ಟ್ರೂ ಹಾಗೆಯೇ ತಿಳಿದರು. ಬಸ್‌ಸ್ಟ್ಯಾಂಡಿನವರೆಗೆ ಬಂದು, ನನ್ನನ್ನು ಪಕ್ಕಕ್ಕೆ ಕರೆದು, “ಕೊನೆ ಸಾಲು ಮರ್ತೋಗದೆ ಮೇಡಮ್ನೋರೇ. ವಯಸ್ಸಾಯ್ತು. ಇನ್ನು ಸ್ಟೇಜಿಗೆ ಬ್ಯಾಡ” ಎಂದರು. ಅವರ ಕಣ್ಣಲ್ಲಿ ನೀರಿತ್ತು. ನಾನು ತಲೆಯಾಡಿಸಿದೆ.

ಹೊಳೇನರಸೀಪುರದ ಬಸ್ಸು ತುಂಬಿತ್ತು. ನಾನು ಹಣ್ಣಿನ ಬುಟ್ಟಿ ಹಿಡಿದುಕೊಂಡು, ಅವರು ಶಾಲಿನ ಗಂಟನ್ನು ಹಾಗೇ ಎಡಗೈ ಮೇಲೆ ಇಟ್ಟುಕೊಂಡು ನಿಂತಿದ್ದೆವು. ಒಬ್ಬ ಗೌಡರು, ತರಕಾರಿ ಚೀಲ ಕಾಲ ಸಂದಿಯಲ್ಲಿಟ್ಟುಕೊಂಡು ಕೂತಿದ್ದವರು, ಪಕ್ಕದವನನ್ನು ತಿವಿದು, “ಏಯ್, ಏಳ್ಲಾ ಮ್ಯಾಕೆ, ಅಜ್ಜಿ ಮಗೀನ ಎತ್ಕಂಡು ನಿಂತದೆ, ಕಾಣಕಿಲ್ವಾ” ಎಂದರು. ಹುಡುಗ ಎದ್ದ. ನಾಟಕದಮ್ಮ ಕೂತರು. ಗೌಡರು ಬಗ್ಗಿ ನೋಡಿ, “ನಿದ್ದೆನಾ?” ಎಂದು ಕೇಳಿದರು.

“ಊ ಕಣಪ್ಪ. ಈಗ ತಾನೆ” ಎಂದರು ನಾಟಕದಮ್ಮ.

ಗೌಡರು ಕಿಟಕಿಯ ಗಾಜನ್ನು ಎಳೆದು ಮುಚ್ಚಿದರು, ಮಗುವಿಗೆ ಗಾಳಿ ಬಡಿಯದಿರಲಿ ಎಂದು. ಹೊಳೇನರಸೀಪುರ ಬರುವವರೆಗೆ ನಾಟಕದಮ್ಮನ ಕೈ ಅಲುಗಲಿಲ್ಲ. ನಾನು ಬುಟ್ಟಿಯ ಮೇಲೆ ತಲೆ ತಗ್ಗಿಸಿಕೊಂಡು ನಿಂತಿದ್ದೆ.

ಆ ಶಾಲನ್ನು ಅವರು ಬಿಚ್ಚಲಿಲ್ಲ. ಯಾವಾಗ ಅವರ ಮನೆಗೆ ಹೋದರೂ ಅದು ಸುತ್ತಿದ ಹಾಗೆಯೇ ಹಾಸಿಗೆಯ ಒಳಮಗ್ಗುಲಲ್ಲಿ, ಗೋಡೆಯ ಕಡೆ ಇರುತ್ತಿತ್ತು. ಅವರೂ ಆ ಬಗ್ಗೆ ಮಾತಾಡಲಿಲ್ಲ, ನಾನೂ ಅದು ಕಂಡವಳ ಹಾಗೆ ನಡೆದುಕೊಳ್ಳಲಿಲ್ಲ.

ಹೋದ ತಿಂಗಳು ಹತ್ತು ಗಂಟೆಯಾದರೂ ಬಾಗಿಲು ತೆಗೆಯಲಿಲ್ಲ. ಅವರು ಏಳುವುದೇ ತಡವಲ್ಲವೇ ಎಂದು ಹನ್ನೊಂದರವರೆಗೆ ನೋಡಿದೆ. ಬೀದಿಯ ಗಂಡಸರು ಚಿಲಕ ಮುರಿದು ಒಳಗೆ ಹೋದರು. ನಿದ್ದೆಯಲ್ಲೇ ಹೋಗಿದ್ದರು. ಮಗ್ಗುಲಾಗಿ ಮಲಗಿದ್ದರು, ಶಾಲಿನ ಗಂಟು ಎಡಗೈ ಮೇಲಿತ್ತು.

ಕೊಣನೂರ ಕಡೆಗೆ ಫೋನು ಮಾಡಿಸಿದೆವು. ಅವರ ಅಣ್ಣನ ಮಗಳು ಬಂದಳು. ಇಷ್ಟು ವರ್ಷ ಒಮ್ಮೆಯೂ ಬಾರದವಳು ಬಂದು ಅತ್ತು, ಮೀಯಿಸಿ, ಸೀರೆ ಉಡಿಸಿದಳು. ಅಷ್ಟು ಹೊತ್ತೂ ಶಾಲಿನ ಗಂಟು ನನ್ನ ಕೈಯಲ್ಲಿತ್ತು, ಆಮೇಲೆ ಮತ್ತೆ ಅವರ ಎಡಗೈ ಮೇಲೆ ಇಟ್ಟೆ. ಸುದ್ದಿ ತಲುಪಿ ಮೇಷ್ಟ್ರು ಮೊಪೆಡ್ಡಿನಲ್ಲಿ ಬಂದರು. ನಮ್ಮ ಕಡೆ ಕಲಾವಿದರು ಹೋದರೆ ಹಾರ್ಮೋನಿಯಂ ಹಿಡಿದು ಪದ ಹೇಳಿಕೊಂಡೇ ಮಣ್ಣಿಗೆ ಕಳಿಸುವುದು ರೂಢಿ. ಅವರು ಜಗಲಿಯಲ್ಲಿ ಚಾಪೆ ಹಾಕಿಕೊಂಡು ಕೂತು ಪೆಟ್ಟಿಗೆ ಬಿಚ್ಚುತ್ತಿದ್ದರು. ಒಳಗಿನಿಂದ ಅಣ್ಣನ ಮಗಳ ಮಾತು ಕೇಳಿಸಿತು.

“ಈ ಶಾಲು ಒಸದು ಕಣ್ರವ್ವ. ಮಣ್ಣಿಗ್ಯಾಕೆ ಆಕೋದು. ತೆಗುದು ಆಚೆಗಿಡಿ. ಇಲ್ದಿದ್ರೆ ಬಿಚ್ಚಿ ಮ್ಯಾಲೆ ಒದ್ಸಿ.”

“ಅದನ್ನು ಮುಟ್ಟಬೇಡಿ” ಎಂದೆ.

ನನ್ನ ದನಿ ಗಡುಸಾಗಿತ್ತು. ಎಲ್ಲರೂ ನನ್ನನ್ನು ನೋಡಿದರು. ನಾನಿರೋಗಂಟ ಎಂದಿದ್ದರು ಅವರು. ಈಗ ಅವರಿರಲಿಲ್ಲ. ಹೊಸ್ತಿಲ ಮೇಲೆ ನಿಂತು, ಒಳಗಿನವರಿಗೂ ಹೊರಗಿನವರಿಗೂ ಕೇಳುವ ಹಾಗೆ ಹೇಳಿದೆ. ಚನ್ನರಾಯಪಟ್ಟಣದ ಕ್ಯಾಂಪು, ಜ್ವರ, ಮಧ್ಯಾಹ್ನದ ಮಣ್ಣು, ಸಂಜೆಯ ಕೌದಿ, ಒನ್ಸ್ ಮೋರ್. ಸಿನಿಮಾದಲ್ಲಿ ಕೆಳಗಿಡುವುದನ್ನು ತೋರಿಸದೇ ಹೋದದ್ದಕ್ಕೆ ಅವರು ಅದನ್ನು ವಾಸಿ ಎಂದದ್ದು. ಹಾಸನದಲ್ಲಿ ಕೊನೆಯ ಸಾಲು ಮರೆತದ್ದಲ್ಲ, ಬಿಟ್ಟದ್ದು. ಹೇಳಿ ಮುಗಿಸಿದಾಗ ಅಣ್ಣನ ಮಗಳು ಗೋಡೆಗೆ ಒರಗಿ ಕೂತುಬಿಟ್ಟಿದ್ದಳು. ಆಮೇಲೆ ಎದ್ದು, ಜಾರುತ್ತಿದ್ದ ಗಂಟನ್ನು ಅವಳೇ ತನ್ನ ಸೋದರತ್ತೆಯ ಎಡಗೈ ಮೇಲೆ ಸರಿಮಾಡಿ, ಸೆರಗು ತಂದು ಅದರ ಮೇಲೂ ಹೊದಿಸಿದಳು.

ಮೇಷ್ಟ್ರು ಹಾರ್ಮೋನಿಯಂನ ಮುಚ್ಚಳದ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು. ಎಷ್ಟು ವರ್ಷ ಪಕ್ಕದ ನಮ್ಮ ಜಗಲಿಯಲ್ಲಿ ಕೂತು, ಕೆಳಗಿಡಬೇಕು ಕಣಮ್ಮ, ಕೆಳಗಿಡಬೇಕು ಎಂದು ವಾದಿಸಿದ್ದರು. ನನಗೆ ಅವರ ಮುಖ ನೋಡಲು ಆಗಲಿಲ್ಲ.

ಹೊಳೆಯ ಕಡೆಯ ಮಣ್ಣಿನಲ್ಲಿ ಗುಣಿ ತೆಗೆದಿದ್ದರು. ನಾವು ಹೆಂಗಸರೂ ಕೆಲವರು ಹೋಗಿದ್ದೆವು. ಇಳಿಸುವಾಗ ಮೇಷ್ಟ್ರು ಹತ್ತಿರದ ಕಲ್ಲಿನ ಮೇಲೆ ಕೂತು ಆ ಜೋಗುಳವನ್ನೇ ಎತ್ತಿದರು. ‘ಊರೆಲ್ಲ ಮಲಗಿತು ಕಂದ, ನೀನೊಬ್ಬನೇ ಎಚ್ಚರ.’ ಅವರ ದನಿ ಚೆನ್ನಾಗಿರಲಿಲ್ಲ. ಇಳಿಸಿದವರು ಮೇಲೆ ಬಂದರು. ಪದ ಕೊನೆಗೆ ಬಂತು. ಹಾರ್ಮೋನಿಯಂ ಆ ಸಾಲಿನ ಬಾಗಿಲಿಗೆ ಬಂದು ನಿಂತಿತು. ನಾನು ಉಸಿರು ಹಿಡಿದುಕೊಂಡೆ. ಮೇಷ್ಟ್ರು ಗುಣಿಯ ಕಡೆ ನೋಡಿದರು, ತಲೆ ತಗ್ಗಿಸಿದರು, ಮೊದಲ ಸಾಲಿಗೆ ತಿರುಗಿದರು.

ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದೆವು. ಆಮೇಲೆ ಗಂಡಸರು ಗುದ್ದಲಿ ಹಿಡಿದರು. ಮಣ್ಣು ಮುಚ್ಚಿ ಮುಗಿಯುವ ತನಕ ಮೇಷ್ಟ್ರು ಮತ್ತೆ ಮತ್ತೆ ಅದೇ ಪದ ಹೇಳುತ್ತಿದ್ದರು. ಕೊನೆಯ ಸಾಲಿಗೆ ಒಂದು ಸಲವೂ ಹೋಗಲಿಲ್ಲ.